ಮುಟ್ಟಬಾರದ ಸಾಲು

ಹಾಲಸ್ವಾಮಿ ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಕಂಪ್ಯೂಟರ್ ಪಾಠ ಹೇಳುವ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷ ಝಂಡಾ ಊರಿದವನನ್ನು ಯಾವ ಮನೆಯಲ್ಲೂ ಅತಿಥಿ ಅನ್ನುವುದಿಲ್ಲ, ಕಾಲೇಜು ಮಾತ್ರ ಅನ್ನುತ್ತಿತ್ತು. ಈ ಸಲ ಒಂದು ಕಾಯಂ ಹುದ್ದೆ ಖಾಲಿ ಬಿದ್ದಿತ್ತು. "ಪ್ರಾಕ್ಟಿಕಲ್ ಪರೀಕ್ಷೆ ದಿನ ಏನಾರ ಹೊಸದು ಮಾಡಿ ತೋರ್ಸಪ್ಪ, ಪ್ರಿನ್ಸಿಪಾಲರ ಕಿವಿಗೆ ನಾನು ಹಾಕ್ತೀನಿ" ಎಂದು ವಿಭಾಗದ ಮುಖ್ಯಸ್ಥ ಶಿವಕುಮಾರಪ್ಪ ಆಸೆ ಹುಟ್ಟಿಸಿದ್ದರು.

ಹೊಸದು ಸಿಕ್ಕಿತ್ತು. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರು ನಡುದಾರಿಯಲ್ಲಿ ತನ್ನದೇ ಒಂದು ಗುಟ್ಟಿನ ಬರಹ ಬರೆದುಕೊಳ್ಳುತ್ತದೆ. ಅದನ್ನು ಮನುಷ್ಯರು ಓದುವ ಹಾಗೆ ಬಿಡಿಸಿ ತೋರಿಸುವ ಸಾಧನವೊಂದನ್ನು ಹಾಲಸ್ವಾಮಿ ಹಿಂದಿನ ಭಾನುವಾರವಷ್ಟೇ ಕಲಿತಿದ್ದ.

ಪರೀಕ್ಷಕಿಯಾಗಿ ಹಿರಿಯೂರಿನಿಂದ ಬಂದ ಮಲೀಕಾ ಮೇಡಂ ಅವನ ಹಳೇ ಸಹಪಾಠಿ. ಹುಡುಗರ ಪ್ರೋಗ್ರಾಮುಗಳನ್ನು ತಿರುವಿ ಹಾಕಿ, "ಎಲ್ಲಾ ಒಂದೇ ಥರ ಕಾಣ್ತಾವಲ್ಲ ಹಾಲಸ್ವಾಮಿ?" ಎಂದರು. ಅಷ್ಟೇ ಸಾಕಾಯಿತು.

"ಕಾಪಿ ಮೇಡಂ! ಹೆಸರು ಬದಲಾಯಿಸ್ಯಾರೆ ಅಷ್ಟೆ. ಕಂಪೈಲರ್ ಹತ್ರ ಆ ಆಟ ನಡೆಯಲ್ಲ. ವೇಷ ಕಳಚಿ ತೋರಿಸ್ತೀನಿ, ಕುಂತ್ಕಳ್ರಿ."

ಅಟೆಂಡರ್ ಜಂಬಣ್ಣ ಸುಮ್ಮನಿರುವ ಜಾಯಮಾನದವನಲ್ಲ. "ಸಾರ್, ಲ್ಯಾಬಿನ ಗೋಡೆ ಸಣ್ಣದೈತೆ. ಸೆಮಿನಾರ್ ಹಾಲಿಗೆ ಹೋಗಾಣ, ಎಲ್ಲರಿಗೂ ಕಾಣ್ತತೆ" ಎಂದು ಪ್ರೊಜೆಕ್ಟರ್ ಎತ್ತಿಕೊಂಡ. ಹೋಗುವ ದಾರಿಯಲ್ಲಿ ಕಂಡಕಂಡವರಿಗೆಲ್ಲ, "ಹಾಲಸ್ವಾಮಿ ಸಾರ್ ಕಳ್ಳರನ್ನ ಹಿಡೀತಾರಂತೆ, ಬರ್ರಿ" ಎಂದು ಸಾರಿದ. ಕಾಮರ್ಸಿನವರು ಬಂದರು, ಲೈಬ್ರರಿಯವರು ಬೀಗ ಹಾಕಿ ಬಂದರು, ಕೊನೆಗೆ ಟೀ ಲೋಟದ ಸಮೇತ ಪ್ರಿನ್ಸಿಪಾಲರೇ ಬಂದರು. ಹಾಲಸ್ವಾಮಿಗೆ ಕಾಯಂ ಹುದ್ದೆಯ ಕುರ್ಚಿ ಬೆನ್ನಿಗೆ ತಾಗಿದಂತಾಯಿತು.

ಪ್ರೋಗ್ರಾಮಿನೊಳಗೆ ಎಣಿಸುವ ಲೆಕ್ಕಕ್ಕೆ ಮತ್ತೋಡಿನ ಹುಡುಗ 'ಕುರಿ' ಎಂದು ಹೆಸರಿಟ್ಟಿದ್ದ, ಹೊಳಲ್ಕೆರೆಯ ಹುಡುಗಿ 'ಬಸ್' ಎಂದಿದ್ದಳು. ಸಾಧನ ಬಿಡಿಸಿದ್ದೇ ತಡ ಕುರಿಯೂ ಇಲ್ಲ, ಬಸ್ಸೂ ಇಲ್ಲ, ಗೋಡೆಯ ಮೇಲೆ ಎರಡೂ ಒಂದೇ. ಜನ ಚಪ್ಪಾಳೆ ತಟ್ಟಿದರು.

"ನಲವತ್ತು ಜನ, ಒಂದೇ ಪ್ರೋಗ್ರಾಂ! ನಾಚಿಕೆ ಆಗಲ್ವ?" ಎಂದು ಹಾಲಸ್ವಾಮಿ ಗುಡುಗಿದ.

ಹೊಳಲ್ಕೆರೆಯ ಹುಡುಗಿ ಎದ್ದು ನಿಂತಳು. "ಸಾರ್, ಅದು ನೀವು ಕೊಟ್ಟ ನೋಟ್ಸೇ."

"ಕೊಟ್ಟರೆ? ಅರ್ಥ ಮಾಡ್ಕಂಡು ಬರೀಬೇಕು!"

"ಕೇಳಿದ್ವಲ್ಲ ಸಾರ್. ಮೇಲಿನ ನಂಬರ್ ಸಾಲು ಯಾಕೆ ಅಂದ್ರೆ, ಮುಟ್ಟಬ್ಯಾಡ್ರಿ ಅಂದ್ರಿ."

ಪ್ರೋಗ್ರಾಮಿನ ತಲೆಯಲ್ಲಿ 72, 65, 76 ಎಂದು ಶುರುವಾಗುವ ಮೂವತ್ತು ಚಿಲ್ಲರೆ ಅಂಕಿಗಳಿದ್ದವು. ಅವು ಯಾಕಿವೆಯೋ ಹಾಲಸ್ವಾಮಿಗೂ ಗೊತ್ತಿರಲಿಲ್ಲ. ತಾನು ಕಾಲೇಜಿನಲ್ಲಿ ಓದುವಾಗ ಪಾಸಾಗುವ ಆತುರದಲ್ಲಿ ಯಾರದೋ ನೋಡಿ ಬರೆದುಕೊಂಡ ಪ್ರೋಗ್ರಾಂ ಅದು. ಯಾರದೆಂಬುದು ಮರೆತು, ಬರಬರುತ್ತಾ ತನ್ನದೇ ಎನಿಸಿತ್ತು. ಆ ಸಾಲು ತೆಗೆದರೆ ಎಲ್ಲಿ ನಿಂತುಹೋಗುತ್ತದೋ ಎಂಬ ಹೆದರಿಕೆಗೆ, "ಅದು ತಳಪಾಯ" ಎಂದು ಹನ್ನೊಂದು ವರ್ಷ ಪಾಠ ಮಾಡಿದ್ದ.

"ಅದನ್ನೂ ಬಿಡಿಸ್ರಿ, ನೋಡಾಣ" ಎಂದರು ಪ್ರಿನ್ಸಿಪಾಲರು.

ಬರಹವನ್ನು ಮೇಲಕ್ಕೆ ಸರಿಸದೆ ವಿಧಿಯಿರಲಿಲ್ಲ. ಸಾಧನಕ್ಕೆ ದಾಕ್ಷಿಣ್ಯ ಎಲ್ಲಿಯದು? ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಅಂಕಿಯುಂಟು; ಅದು ಆ ಅಂಕಿಗಳನ್ನೆಲ್ಲ ಅಕ್ಷರ ಮಾಡಿ, ಇಂಗ್ಲಿಷ್ ಲಿಪಿಯ ಕನ್ನಡದಲ್ಲಿ ಗೋಡೆ ತುಂಬ ತೋರಿಸಿತು. ಜಂಬಣ್ಣ ಕೂಡಿಸಿ ಕೂಡಿಸಿ, ಇಡೀ ಹಾಲ್ ಮೊಳಗುವಂತೆ ಓದಿದ: "ಹಾಲಸ್ವಾಮಿ... ಇದನ್ನು... ಕದ್ದೆಯಾ?... ಇಂತಿ... ಮಲೀಕಾ."

ಮೇಡಂ ಬಾಯಿಗೆ ಸೆರಗು ಒತ್ತಿಕೊಂಡರು. "ಅಯ್ಯೋ, ಫೈನಲ್ ಇಯರಲ್ಲಿ ತಮಾಷೆಗೆ ಬರೆದಿದ್ದು! ಒಂದು ವಾರದಲ್ಲಿ ಕಂಡುಹಿಡೀತಾನೆ ಅನ್ಕಂಡಿದ್ದೆ."

ಪ್ರಿನ್ಸಿಪಾಲರು ಲೋಟ ಕೆಳಗಿಟ್ಟು ಎದ್ದರು. ಹಾಲಸ್ವಾಮಿ ಕಣ್ಣು ಮುಚ್ಚಿಕೊಂಡ. ಆದರೆ ಅವರು ಕೈ ಮುಗಿದದ್ದು ಮಲೀಕಾಗೆ. "ಮೇಡಂ, ಹನ್ನೊಂದು ವರ್ಷದಿಂದ ನಮ್ಮ ಹುಡುಗರಿಗೆ ಪಾಠ ಮಾಡಿದ್ದು ನೀವೇ ಅಂದಂಗಾತು. ಆ ಕಾಯಂ ಹುದ್ದೆಗೆ ಒಂದು ಅರ್ಜಿ ಹಾಕ್ರಿ."

ಸೆಮಿನಾರ್ ಹಾಲ್ ಖಾಲಿಯಾದ ಮೇಲೆ ಶಿವಕುಮಾರಪ್ಪ ಹಾಲಸ್ವಾಮಿಯ ಹೆಗಲ ಮೇಲೆ ಕೈಯಿಟ್ಟರು.

"ಬೇಜಾರು ಮಾಡ್ಕಬ್ಯಾಡಪ್ಪ. ಮೇಡಂ ಬರಾತನಕ ನೀನೇ ಪಾಠ ಮಾಡು. ಹೆಂಗೂ ಅವರ ನೋಟ್ಸ್ ನಿನ್ನ ಹತ್ರ ಐತಲ್ಲ."