ಎಲ್ಲರಿಗೂ ಒಂದೇ ಎತ್ತರ

ಸಿದ್ದಲಿಂಗನ ಆ ದಿನದ ಪೀಕಲಾಟಕ್ಕೆಲ್ಲ ಕಾರಣ ಗೇಣುದ್ದದ ಕಟ್ಟಿಗೆ ತುಂಡು.

ಜೇವರ್ಗಿಯ ಬಡಗಿಗಳ ಸಹಕಾರ ಸಂಘದಲ್ಲಿ ಕೂಲಿ ಸಮ, ಲಾಭ ಸಮ, ಚಹಾದ ಕಪ್ಪು ಕೂಡ ಸಮ. ಯಾರೂ ಯಾರಿಗಿಂತ ಮೇಲಲ್ಲ ಎಂಬುದು ಅಲ್ಲಿಯ ಕಟ್ಟಳೆ. ನಕ್ಷೆ ಬರೆಯುವ ಸಿದ್ದಲಿಂಗ ಅದನ್ನು ಕಟ್ಟಿಗೆಗೂ ಕಲಿಸಿದ್ದ. ಗೇಣುದ್ದದ ಕಾಲ್ತುಂಡುಗಳು, ಒಂದೇ ಅಳತೆಯ ಹಲಗೆಗಳು. ಮೊಳೆ ಬೇಡ, ಒಂದರೊಳಗೊಂದು ಕೂಡಿಸಿದರೆ ಖುರ್ಚಿ, ಬಿಚ್ಚಿ ಬೇರೆ ಥರ ಜೋಡಿಸಿದರೆ ಮಂಚ. ಆ ಮಂಚ ನೋಡಲು ಅಂದು ಮಧ್ಯಾಹ್ನ ಊರ ಹೊರಗಿನ ಹೊಸ ಹಾಸ್ಟೆಲಿನ ಸಾಹೇಬರು ಬರುವವರಿದ್ದರು. ಮೆಚ್ಚಿದರೆ ಸಂಘಕ್ಕೆ ವರ್ಷವಿಡೀ ಕೆಲಸ. ಇಲ್ಲವಾದರೆ ಬಾಗಿಲಿಗೆ ಬೀಗ.

ಸಿದ್ದಲಿಂಗ ಮಂಚಕ್ಕೆ ಎಣ್ಣೆ ಒರೆಸಿ, ಹಸೆಗೆ ಕೂತ ಮದುಮಗಳಂತೆ ನಡುವೆ ಇಟ್ಟಿದ್ದ.

"ಸಾಹೇಬರು ನಮ್ಮ ಸಮ ಕೂಡ್ತಾರೇನೋ ತಮ್ಮಾ?" ಎಂದ ಅಧ್ಯಕ್ಷ ಜಗದೇವಪ್ಪ. "ಅವರ ಖುರ್ಚಿ ಕಾಲಿಗಿ ಒಂದೊಂದು ತುಂಡು ಜಾಸ್ತಿ ಹಾಕು."

ಹಾಕಿದ. ಜಗದೇವಪ್ಪ ಪಕ್ಕದ ಖುರ್ಚಿಯಲ್ಲಿ ಕುಳಿತು ನೋಡಿದ. ಮನಸ್ಸಿಗೆ ಬರಲಿಲ್ಲ. "ಅಧ್ಯಕ್ಷ ಅಂದ್ರ ಸಂಘದ ಮರ್ಯಾದಿ. ನನಗೂ ಹಾಕು."

ಪಾಲಿಶ್ ಮಾಡುತ್ತಿದ್ದ ಬಸವೇಶ್ವರಿ ಕೈಯಲ್ಲಿನ ಅರಿವೆ ಬಿಸಾಕಿ ಬಂದಳು. "ಯಾಕ್ರಿ ಕಾಕಾ, ನೀವೇನ್ ಮುಗಿಲಿಂದ ಉದುರೀರೇನು? ಎಲ್ಲಾರೂ ಸಮ ಅಂತ ಮುಂಜಾನೇನೇ ಭಾಷಣ ಮಾಡಿದ್ರಿ!"

"ಅಕ್ಕ ಅಂದದ್ದು ಖರೇ ಅದ," ಎಂದ ಗರಗಸ ಹಿಡಿದಿದ್ದ ಹುಲೆಪ್ಪ. "ಹಾಕಲೇ ಸಿದ್ದ್ಯಾ, ಎಲ್ಲಾರಿಗೂ ಹಾಕು."

ಎಲ್ಲರ ಖುರ್ಚಿಯೂ ಏರಿತು. ಈಗ ಸಾಹೇಬರು ಮತ್ತೆ ಎಲ್ಲರ ಸಮವಾದರು! ಅವರಿಗೆ ಇನ್ನೊಂದು ಸುತ್ತು ಬಿತ್ತು. ಅಧ್ಯಕ್ಷರಿಗೂ ಬಿತ್ತು. ಬಸವೇಶ್ವರಿ ಮತ್ತೆ ಬಂದಳು. ಊಟದ ಹೊತ್ತಿಗೆ ಖುರ್ಚಿಗಳು ಜೋಳದ ಹೊಲದಲ್ಲಿ ಹಕ್ಕಿ ಕಾಯುವ ಅಟ್ಟಣಿಗೆಗಳಂತೆ ನಿಂತವು. ತುಂಡು ತೀರಿದವು.

"ಮಂಚದ್ದು ಬಿಚ್ಚು," ಎಂದ ಜಗದೇವಪ್ಪ.

"ಕಾಕಾ, ಅದನ್ನೇ ನೋಡಾಕ ಅವರು ಬರಾಕತ್ತಾರ್ರೀ!"

"ಮೊದಲ ಕುಂದ್ರಬೇಕಲ್ಲೋ? ಚಹಾ ಕುಡಿಯೂದ್ರೊಳಗ ಮತ್ತ ಜೋಡಸೀಯಂತ, ಬಿಚ್ಚು."

ಬಿಚ್ಚಿ ಖುರ್ಚಿಗಳಿಗೆ ಹಾಕಿ ಮುಗಿಸುವಷ್ಟರಲ್ಲಿ ಜೀಪು ಬಂದೇಬಿಟ್ಟಿತು. ಇಳಿದವರು ಗುಂಡಗಿನ ದೇವಾನಂದ ಸಾಹೇಬರು. ಏಣಿ ಇಟ್ಟು, ಸಿದ್ದಲಿಂಗ ಕೆಳಗಿನಿಂದ ಭುಜ ಕೊಟ್ಟು ಅವರನ್ನು ಹತ್ತಿಸಿದ. ಉಳಿದವರೂ ಹತ್ತಿ ಕೂತರು. ಬಂಡಿಯ ಹಿಂದೆ ಜೋತುಬಿದ್ದ ಹುಡುಗರ ಹಾಗೆ ಎಲ್ಲರ ಕಾಲೂ ತೂಗಾಡುತ್ತಿದ್ದವು. ನೆಲದ ಮೇಲೆ ಸಿದ್ದಲಿಂಗ ಒಬ್ಬನೇ.

ಸಾಹೇಬರು ಸುತ್ತಲೂ ಕಣ್ಣಾಡಿಸಿದರು. "ಮಂಚ ಎಲ್ಲದ?"

"ನೀವು ಅದರ ಮ್ಯಾಲೇ ಕುಂತೀರ್ರಿ," ಎಂದ ಸಿದ್ದಲಿಂಗ, ಅಳುದನಿಯಲ್ಲಿ. "ಒಂದೀಟು ಇಳದ್ರ ಜೋಡಿಸಿ ತೋರಸ್ತೇನ್ರಿ."

ಸಾಹೇಬರು ಇಳಿಯಲಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ ನೋಡಿದರು. ಮುಖ ಅರಳಿತು. "ಮಂಚದ ಮಾತು ಆಮ್ಯಾಲ ನೋಡೋಣು. ಈ ಖುರ್ಚಿ ನನ್ನ ಆಫೀಸಿಗಿ ಬೇಕು. ಇವತ್ತೇ ಕಳಸ್ರಿ."

ಸಿದ್ದಲಿಂಗನಿಗೆ ಹೋದ ಜೀವ ಬಂದಂತಾಯಿತು. ಮಂಚ ಹೋದರೆ ಹೋಗಲಿ, ಕೆಲಸವಂತೂ ಸಿಕ್ಕಿತು!

"ಎಷ್ಟು ಬೇಕ್ರಿ ಸಾಹೇಬ್ರ?" ಎಂದ. "ಆಫೀಸಿನಾಗ ಎಲ್ಲಾರಿಗೂ ಮಾಡಿಕೊಡ್ತೇವ್ರಿ. ನಮ್ಮಲ್ಲಿ ಎಲ್ಲಾ ಒಂದೇ ಅಳತಿ."

"ಹುಚ್ಚೇನೋ ನಿನಗ?" ಎಂದರು ಸಾಹೇಬರು ಮೇಲಿನಿಂದ. "ಒಂದೇ ಸಾಕು. ಇನ್ನೊಂದು ಮಾಡಿದಿ ಅಂದ್ರ, ನನ್ನ ಸಮ ಕೂಡಾವ ಒಬ್ಬ ಹುಟ್ಟತಾನ."