ಹಂಪ್ ಬೇಕು, ನಮ್ಮ ಮನೆ ಮುಂದೆ ಬೇಡ

ಪ್ರಜಾಪ್ರಭುತ್ವದ ಬಗ್ಗೆ ನನಗೆ ಅಪಾರ ಗೌರವವಿದೆ. ಅದು ದೆಹಲಿಯಲ್ಲೋ ವಿಧಾನಸೌಧದಲ್ಲೋ ಇರುವಷ್ಟು ಹೊತ್ತು ಮಾತ್ರ. ನಮ್ಮ ಬೀದಿಗೇ ಬಂದುಬಿಟ್ಟರೆ ಎದೆ ಡವಗುಟ್ಟತೊಡಗುತ್ತದೆ. ಹಾಗೆ ನೋಡಿದರೆ ನಾನು ಹೆದರಬಾರದು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವನು ನಾನು. ಪ್ರಜೆಯೇ ಪ್ರಭು ಎಂದು ಕಪ್ಪು ಹಲಗೆಯ ಮೇಲೆ ಬರೆದೂ ಬರೆದೂ ಸೀಮೆಸುಣ್ಣದ ಅಲರ್ಜಿ ಬರಿಸಿಕೊಂಡಿದ್ದೇನೆ. ಆದರೂ ಯಲಹಂಕದ ನಮ್ಮ ಬಡಾವಣೆಯಲ್ಲಿ ಒಂದೇ ಒಂದು ರೋಡ್ ಹಂಪ್ ಹಾಕಿಸಲು ಹೋಗಿ ಪಟ್ಟ ಪಾಡು ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ನಾವು ಬಾಗಲಕೋಟೆಯಿಂದ ಬಂದು ಇಲ್ಲಿ ಸೈಟು ಕೊಂಡಾಗ ಮನೆ ಮುಂದಿನದು ರಸ್ತೆ ಅನ್ನಿಸಿಕೊಳ್ಳುವಂತಿರಲಿಲ್ಲ. ಎಮ್ಮೆಗಳು ಬರುತ್ತಿದ್ದವು, ಹೋಗುತ್ತಿದ್ದವು, ಮನಸ್ಸಾದರೆ ನಡುವೆಯೇ ಮಲಗುತ್ತಿದ್ದವು. ಆಮೇಲೆ ಡಾಂಬರು ಬಂತು; ನಾವು ಪೇಡೆ ಹಂಚಿದೆವು. ಅದರ ಹಿಂದೆಯೇ ಯಾವ ಪುಣ್ಯಾತ್ಮನ ಮೊಬೈಲ್ ಮ್ಯಾಪ್ ನಮ್ಮ ಬೀದಿಯನ್ನು ಕಂಡುಹಿಡಿಯಿತೋ, ದೊಡ್ಡ ರಸ್ತೆಯ ಸಿಗ್ನಲ್ ತಪ್ಪಿಸಿ ಏರ್‌ಪೋರ್ಟ್ ಕಡೆ ಓಡುವ ಟ್ಯಾಕ್ಸಿಗಳೆಲ್ಲ ನಮ್ಮ ಗೇಟು ಸವರಿಕೊಂಡು ಹೋಗತೊಡಗಿದವು. ವಿಮಾನ ತಪ್ಪೀತೆಂಬ ಗಾಬರಿಯಲ್ಲಿರುವ ಮನುಷ್ಯನಿಗೆ ಹಾದಿಯಲ್ಲಿರುವ ನಾವು ನೀವು ಕಾಣುವುದೇ ಇಲ್ಲ.

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆ. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ. ಆದರೆ ನನ್ನ ಹೆಂಡತಿ ಗಿರಿಜಾಳ ಏಕೈಕ ಗೆಳತಿ ಶಾಂತಕ್ಕ ಎದುರು ಸಾಲಿನ ಮನೆಯಲ್ಲಿದ್ದಾರೆ. ಅವರು ಗದಗದವರು. ಈ ಊರಿನಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿ ಪರಸ್ಪರ ಪತ್ತೆ ಹಚ್ಚಿಕೊಂಡವರು ಇವರಿಬ್ಬರು. ದಿನಕ್ಕೊಮ್ಮೆ ಇವಳು ಅಲ್ಲಿಗೆ ಹೋಗದಿದ್ದರೆ, ಅವರು ಇಲ್ಲಿಗೆ ಬರದಿದ್ದರೆ ಇಬ್ಬರಿಗೂ ಉಂಡದ್ದು ಅರಗುತ್ತಿರಲಿಲ್ಲ. ಒಂದು ಸಂಜೆ ಗಿರಿಜಾ ಶೇಂಗಾ ಹೋಳಿಗೆಯ ತಟ್ಟೆ ಹಿಡಿದು ರಸ್ತೆ ದಾಟುವಾಗ ಸ್ಕೂಟರೊಂದು ಸವರಿಕೊಂಡು ಹೋಯಿತು. ಹೋಳಿಗೆ ರಸ್ತೆಗೆ, ಇವಳು ಚರಂಡಿಯ ಅಂಚಿಗೆ. ಮಣಿಕಟ್ಟು ಮುರಿದಿತ್ತು. ಸ್ಕೂಟರಿನವನು ಹೋಗುತ್ತಲೇ "ಸಾರಿ ಆಂಟಿ" ಎಂದನಂತೆ. ಸಂಸ್ಕಾರವಂತ.

ಕಟ್ಟು ಬಿಚ್ಚಿದ ಮೇಲೂ ಅವಳು ರಸ್ತೆ ದಾಟಲಿಲ್ಲ. ಗೇಟಿನವರೆಗೆ ಹೋಗುವಳು, ಆಚೆ ಈಚೆ ನೋಡುವಳು, ವಾಪಸು ಬರುವಳು. ಅಂದು ಬಿದ್ದದ್ದನ್ನು ಕಣ್ಣಾರೆ ಕಂಡ ಶಾಂತಕ್ಕನಿಗೂ ದಾಟುವ ಧೈರ್ಯವಿಲ್ಲ. ಆ ಗೇಟಿನಲ್ಲಿ ಅವರು, ಈ ಗೇಟಿನಲ್ಲಿ ಇವಳು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರುವಾಗಲೇ ಫೋನಿನಲ್ಲಿ ಮಾತಾಡುವರು. ಮೊದಮೊದಲು ನನಗೆ ನಗು ಬಂತು. ಬರಬರುತ್ತಾ ನೋಡಲಾಗುತ್ತಿರಲಿಲ್ಲ.

ಹಂಪ್ ಯಾರನ್ನು ಕೇಳಬೇಕು? ಕಾರ್ಪೊರೇಟರ್ ಎಂಬುವರನ್ನು ನಮ್ಮ ವಾರ್ಡು ಕಂಡು ಎಷ್ಟೋ ಕಾಲವಾಯಿತು. ಚುನಾವಣೆ ಇನ್ನೇನು ಬಂತು, ಇನ್ನೇನು ಬಂತು ಎಂಬ ಸುದ್ದಿ ಮಾತ್ರ ತಪ್ಪದೆ ಬರುತ್ತದೆ. ಕಚೇರಿಗೆ ಹೋದರೆ ಅಲ್ಲಿನ ಎಂಜಿನಿಯರು, "ನಿಮ್ಮ ಸಂಘದಿಂದ ಎಲ್ರೂ ಒಪ್ಕೊಂಡು ಬನ್ನಿ ಸಾರ್, ನೋಡೋಣ" ಎಂದರು. ನಿವಾಸಿಗಳ ಸಂಘಕ್ಕೆ ಆಗ ಕಾರ್ಯದರ್ಶಿಯೇ ಇರಲಿಲ್ಲ. ಅದಕ್ಕೂ ಚುನಾವಣೆ ನಡೆಯಿತು. ಕಾಲೇಜಿನಿಂದ ಫೋನ್ ಬಂತೆಂದು ನಾನು ಹೊರಗೆ ಹೋಗಿ ಮಾತಾಡಿ ಬರುವಷ್ಟರಲ್ಲಿ ಅವಿರೋಧವಾಗಿ ಆಯ್ಕೆಯಾಗಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ತಾವು ಪಾರಾದ ಖುಷಿ ಅದು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಮುಂದಿನ ಭಾನುವಾರ ಸಭೆ ಕರೆದೆ. ಮಕ್ಕಳ ಸುರಕ್ಷತೆ, ಹಿರಿಯರ ಸುರಕ್ಷತೆ, ನಾಗರಿಕರ ಹಕ್ಕು ಎಂದೆಲ್ಲ ತರಗತಿಯ ಧಾಟಿಯಲ್ಲೇ ಕೊರೆದು, "ಹಂಪ್ ಬೇಕು ಅನ್ನುವವರು ಕೈ ಎತ್ತಿ" ಎಂದೆ. ಎಲ್ಲ ಕೈಗಳೂ ಎದ್ದವು. ತೂಕಡಿಸುತ್ತಿದ್ದವರೊಬ್ಬರು ಎರಡು ಕೈ ಎತ್ತಿದರು. ನನಗೆ ಕಣ್ಣು ತುಂಬಿ ಬಂತು. ಆ ಉತ್ಸಾಹದಲ್ಲೇ, "ಯಾರ ಮನೆ ಮುಂದೆ ಹಾಕೋಣ?" ಎಂದುಬಿಟ್ಟೆ. ಎಲ್ಲ ಕೈಗಳೂ ಇಳಿದವು.

"ಹಂಪ್ ಬೇಕೇ ಬೇಕು ಸಾರ್, ಆದ್ರೆ ನಮ್ಮನೆ ಮುಂದೆ ಬೇಡ. ಅಮ್ಮಂಗೆ ಹಾರ್ಟ್ ಪ್ರಾಬ್ಲಮ್ಮು, ರಾತ್ರಿಯೆಲ್ಲ ಧಡ್ ಧಡ್ ಅಂತಿದ್ರೆ ಕಷ್ಟ ಕಣ್ರೀ" ಎಂದರು ಒಬ್ಬರು. ಇನ್ನೊಬ್ಬರಿಗೆ ಹೊಸ ಕಾರು. ಮತ್ತೊಬ್ಬರು ವಾಸ್ತುವಿನವರನ್ನು ಆಗಲೇ ವಿಚಾರಿಸಿಕೊಂಡು ಬಂದಿದ್ದರು: "ಬಾಗಿಲಿಗೆ ಎದುರಾಗಿ ದಿಬ್ಬ ಇದ್ರೆ ಲಕ್ಷ್ಮಿ ಒಳಗೆ ಬರಲ್ವಂತೆ ಸಾರ್." ಲಕ್ಷ್ಮಿ ಅಷ್ಟೊಂದು ವೇಗವಾಗಿ ಯಾಕೆ ಬರಬೇಕು ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಗಿರಿಜಾ ಎದ್ದು ನಿಂತಳು.

"ಯಾರ ಮನಿ ಮುಂದೂ ಬ್ಯಾಡಂದ್ರ ನಮ್ಮ ಮನಿ ಮುಂದ ಹಾಕ್ರಿ. ನಮಗ ಲಕ್ಷ್ಮಿ ಬರೂದು ಅಷ್ಟರಾಗ ಐತಿ."

ಸಭೆ ನಕ್ಕಿತು, ಒಮ್ಮತ ಮೂಡಿತು. ನನ್ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೂ ನಮ್ಮ ಮನೆ ಮುಂದೆ ಬೇಡವಾಗಿತ್ತು.

ಒಮ್ಮತದ ತೀರ್ಮಾನ ಕಚೇರಿಗೆ ಹೋಗಿ ಹಾಯಾಗಿ ಮಲಗಿತು. ಅದನ್ನು ಎಬ್ಬಿಸುವ ದಾರಿ ಕಾಣದೆ ನಾನು ಕೈಚೆಲ್ಲಿದಾಗ, ಬಡಾವಣೆ ಹುಟ್ಟುವ ಮೊದಲೇ ಇಲ್ಲಿ ಹೊಲ ಉಳುತ್ತಿದ್ದ ಮನೆತನದ ಮುನಿಯಪ್ಪನವರು ಗೇಟಿನ ಹತ್ತಿರ ಬಂದು, "ಒಂದ್ ಅಂಪ್‌ಗೆ ಇಂಗ್ ತಲೆ ಕೆಡಿಸ್ಕೊಂಡ್ರೆ ಎಂಗೆ ಸಾ? ನಮ್ ಅಳೀಮಯ್ಯ ಪಕ್ಕದ್ ರೋಡ್ನಾಗೆ ಡಾಂಬರ್ ಆಕಿಸ್ತಾವ್ನೆ, ಏಳ್ತೀನಿ ಬುಡಿ" ಎಂದರು. ಮರುದಿನ ಬೆಳಿಗ್ಗೆ ಹಂಪ್ ಬಂದಿತ್ತು. ನಾಗರಿಕ ಹಕ್ಕು, ಸಂಘ, ಸಭೆ ಇವೆಲ್ಲದರಿಂದ ಆಗದ್ದು ಒಬ್ಬ ಅಳಿಯನಿಂದ ಆಯಿತು. ಇದನ್ನು ವಿದ್ಯಾರ್ಥಿಗಳಿಗೆ ಹೇಗೆ ಪಾಠ ಮಾಡುವುದೆಂದು ಇನ್ನೂ ಹೊಳೆದಿಲ್ಲ.

ಅಂದು ಸಂಜೆ ಗಿರಿಜಾ ರಸ್ತೆ ದಾಟಿದಳು. ಟ್ಯಾಕ್ಸಿಗಳು ಹಂಪ್ ಮುಂದೆ ಮೈ ಹಿಡಿಮಾಡಿಕೊಂಡು ನಿಧಾನವಾದವು. ಆಚೆ ಮುಟ್ಟಿ ಹಿಂತಿರುಗಿ ನನ್ನ ಕಡೆ ನೋಡಿದಳಲ್ಲ, ಅಂಥ ಮುಖವನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ. ಹಗಲೂ ರಾತ್ರಿ ಬ್ರೇಕಿನ ಕಿರುಚಾಟ ಕೇಳುತ್ತಿತ್ತು. ಅದೇ ಜೋಗುಳವೆಂದುಕೊಂಡು ಮಲಗಿದೆ.

ಆ ಸುಖ ಒಂದು ತಿಂಗಳೂ ಬಾಳಲಿಲ್ಲ. ಚುನಾವಣೆ ಈ ಸಲ ಬಂದೇ ಬರುತ್ತದೆಂದು ಗುಲ್ಲೆದ್ದು, ಟಿಕೆಟ್ಟಿನ ಆಕಾಂಕ್ಷಿಯೊಬ್ಬರು ದೊಡ್ಡ ನಾಯಕರೊಬ್ಬರನ್ನು ನಮ್ಮ ಬಡಾವಣೆಗೆ ಕರೆತರುವುದು ನಿಶ್ಚಯವಾಯಿತು. ಜನರ ಅಹವಾಲು ಕೇಳುವ ಕಾರ್ಯಕ್ರಮ. ಹಿಂದಿನ ದಿನ ಜೆಸಿಬಿಯೊಂದು ಬಂದು ನಮ್ಮ ಹಂಪನ್ನು ಕೆರೆದು ಹಾಕಿತು. ನಾನು ಬನಿಯನ್ನಿನಲ್ಲೇ ಓಡಿದೆ. "ಸಾಹೇಬ್ರಿಗೆ ಸೊಂಟ ನೋವು ಸಾರ್, ಗಾಡಿ ಎತ್ತಾಕಬಾರ್ದಂತೆ. ಮೇಲಿಂದ ಆರ್ಡರ್" ಎಂದ ಡ್ರೈವರ್. ಮೇಲೆ ಎಂದರೆ ಎಲ್ಲಿ ಎಂದು ಕೇಳಿದೆ. ಅವನು ಆಕಾಶ ತೋರಿಸಿದ.

ಸಂಘದವರೆಲ್ಲ ಸೇರಿ ನನ್ನನ್ನು ಹುರಿದುಂಬಿಸಿದರು. ಕಾರ್ಯದರ್ಶಿಯಾಗಿ ಹಾರ ಹಾಕುವವನು ನಾನೇ. "ಹಾರ ಹಾಕುವಾಗಲೇ ಮುಖಕ್ಕೆ ಹೇಳಿಬಿಡಿ ಸಾರ್, ನಾವೆಲ್ಲ ಹಿಂದೆ ಇರ್ತೀವಿ" ಎಂದರು. ಇದ್ದರು ಕೂಡ, ಬಹಳ ಹಿಂದೆ ಇದ್ದರು. ರಾತ್ರಿಯೆಲ್ಲ ಮಾತು ಜೋಡಿಸಿದೆ. ವಿನಯ ಇರಬೇಕು, ಖಾರವೂ ಇರಬೇಕು. ಬೆಳಿಗ್ಗೆ ಗಿರಿಜಾ ಅಂಗಿಗೆ ಇಸ್ತ್ರಿ ಹಾಕಿಕೊಟ್ಟು, "ಹೆದರಬ್ಯಾಡ್ರಿ, ಒಂದ ಮಾತ ಹೇಳಿಬಿಡ್ರಿ" ಎಂದು ಗೇಟಿನಲ್ಲಿ ಬಂದು ನಿಂತಳು.

ಕಾರುಗಳ ಸಾಲು ಬೆಣ್ಣೆಯಂಥ ರಸ್ತೆಯ ಮೇಲೆ ಜಾರಿಕೊಂಡು ಬಂತು. ನಾಯಕರು ಇಳಿದರು. ನಾನು ಹಾರ ಹಾಕಿದೆ. ಅವರು ನನ್ನ ಎರಡೂ ಕೈ ಹಿಡಿದು, ನೇರವಾಗಿ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು: "ಹೇಳಿ ಮೇಷ್ಟ್ರೇ, ಇಲ್ಲಿ ಜನಕ್ಕೆ ಏನಾದ್ರೂ ತೊಂದ್ರೆ ಇದೆಯಾ? ಸಂಕೋಚ ಬೇಡ."

ಇಂಥ ಅವಕಾಶ ಎಷ್ಟು ಜನ ಪ್ರಜೆಗಳಿಗೆ ಸಿಗುತ್ತದೆ? ನಾನು ಬಾಯಿ ತೆರೆದೆ. ಫೋಟೋದವನು "ಸಾರ್, ಸ್ವಲ್ಪ ನಗಿ" ಎಂದ. ನಕ್ಕೆ.

"ಏನೂ ಇಲ್ಲ ಸಾರ್. ಎಲ್ಲಾ ಚೆನ್ನಾಗಿದೆ. ನಿಮ್ಮ ಆಶೀರ್ವಾದ."

"ರಸ್ತೆನೂ ಚೆನ್ನಾಗಿ ಇಟ್ಕೊಂಡಿದ್ದೀರ" ಎಂದು ಬೆನ್ನು ತಟ್ಟಿ ಕಾರು ಹತ್ತಿದರು.

ನಾನು ತಿರುಗಿದಾಗ ಗಿರಿಜಾ ಗೇಟಿನಲ್ಲೇ ಇದ್ದಳು. ಕಾರುಗಳೆಲ್ಲ ಹೋದ ಬೆನ್ನಿಗೇ ಟ್ಯಾಕ್ಸಿಗಳು ಶುರುವಾಗಿದ್ದವು. ಅವಳು ಚಿಲಕ ಹಾಕಿದಳು. ಸಿಟ್ಟಿರಲಿಲ್ಲ; ನಿಜವಾಗಿಯೂ ತಿಳಿದುಕೊಳ್ಳಬೇಕಾದವಳಂತೆ ಕೇಳಿದಳು.

"ಹಾರ ಕೈಯಾಗ ಇತ್ತಲ್ರಿ. ಬಾಯಾಗ ಏನಿತ್ತು?"

ಈ ವಿಷಯವನ್ನು ಮುಂದಿನ ಸಭೆಯಲ್ಲಿ ಚರ್ಚೆಗೆ ಇಡೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು. ಕಾರ್ಯದರ್ಶಿಗಿರಿ ನನಗೆ ಚೆನ್ನಾಗಿಯೇ ಹತ್ತಿದೆ.