ಹಲ್ಲುನೋವಿನ ಸಸ್ಯಾಹಾರ

ಪಶ್ಚಾತ್ತಾಪ ಪಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಕೂತಲ್ಲೇ ಎರಡು ನಿಟ್ಟುಸಿರು ಬಿಟ್ಟರೆ ನಾನೆಷ್ಟು ಒಳ್ಳೆಯವನೆಂದು ನನಗೇ ಅನ್ನಿಸಿಬಿಡುತ್ತದೆ. ಎದ್ದು ಏನನ್ನಾದರೂ ಸರಿಪಡಿಸುವ ತಾಪತ್ರಯವಿಲ್ಲ. ಆದರೆ ಕಳೆದ ವರ್ಷ ಮದ್ದೂರಿನ ಬೀಗರೂಟವೊಂದರಲ್ಲಿ ನಾನಾಡಿದ ಮಾತು ಈ ಸುಖಕ್ಕೂ ಕಲ್ಲು ಹಾಕಿತು.

ಅಂದು ನನ್ನ ದವಡೆ ಹಲ್ಲು ಸಿಡಿಯುತ್ತಿತ್ತು. ಎಲೆಗೆ ಕುರಿಮಾಂಸದ ನಲ್ಲಿಮೂಳೆ ಬಂದು ಬಿತ್ತು. ಹಲ್ಲುನೋವೆಂದರೆ ಹೆಂಡತಿಯ ಕಡೆಯವರು ಅಳಿಯನಿಗೆ ವಯಸ್ಸಾಯಿತು ಎಂದುಕೊಂಡಾರೆಂಬ ಭಯ. "ನಾನು ಬಾಡು ಬಿಟ್ಟಿದ್ದೀನಿ" ಎಂದೆ. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಜೀವದಯೆ, ಸಂಯಮ ಎಂದು ಮುದ್ದೆ ಆರುವವರೆಗೂ ಭಾಷಣ ಬಿಗಿದೆ. ಪಕ್ಕದಲ್ಲಿದ್ದ ನನ್ನ ಮಾವ, ಮಳವಳ್ಳಿ ಕಡೆ ಬಂಡೂರು ಕುರಿ ಸಾಕುವ ಮನುಷ್ಯ, ತಮ್ಮ ಎಲೆಯ ತುಂಡುಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಓದ್ದೋರು ಯೋಳುದ್ಮೇಲೆ ಸರಿಯಾಗೇ ಇರ್ತದೆ. ಇವತ್ತಿಂದ ನಾನೂ ಬುಟ್ಟೆ ಅಳಿಯಂದ್ರೇ" ಎಂದರು.

ಮರುದಿನವೇ ಹಲ್ಲು ಕೀಳಿಸಿದೆ. ನೋವು ಹೋಯಿತು, ಸಂಯಮದ ಹೆಸರು ಉಳಿಯಿತು. ನಾನೇನೋ ಮಂಡ್ಯದ ಹೋಟೆಲಿನಲ್ಲಿ ಗುಟ್ಟಾಗಿ ತಿಂದುಕೊಂಡಿದ್ದೆ. ಮಾವ ಮಾತ್ರ ಮಾತಿಗೆ ತಪ್ಪಲಿಲ್ಲ. "ಕುರಿ ಮೈ ಸವರ್ಕಂಡು ಸುಮ್ನೆ ನಿಂತ್ಬುಡ್ತಾರೆ" ಎಂದು ಅತ್ತೆ ಫೋನಿನಲ್ಲಿ ಹೇಳಿದಾಗ ನಿಜಕ್ಕೂ ಸಂಕಟವಾಯಿತು. ಊಟ ಸೇರದೆ ಹೊರಳಾಡಿದೆ. ಹೆಂಡತಿ ರೇಗಿದಳು: "ನೀವಿಲ್ಲಿ ಕೊರಗುದ್ರೆ ಅಪ್ಪನ ಎಲೆಗೆ ಬಾಡು ಬತ್ತದಾ? ಓಗಿ ನಿಜ ಯೋಳಿ."

ಈ ವರ್ಷ ನಾದಿನಿಯ ಮದುವೆಯ ಬೀಗರೂಟ ಮಳವಳ್ಳಿಯಲ್ಲಿ. ಮೂಲೆಯಲ್ಲಿ ನಮ್ಮಿಬ್ಬರಿಗೆಂದೇ ಎರಡು ಎಲೆ, ತಿಳಿಸಾರು. ಮಾವ ಅಭಿಮಾನದಿಂದ ಕೈಹಿಡಿದು ಕೂರಿಸಿಕೊಂಡರು. ನಾನು ಎಲ್ಲವನ್ನೂ ಹೇಳಿದೆ: ಹಲ್ಲು, ಭಾಷಣ, ಹೋಟೆಲು. ಅವರು ಬಗ್ಗಿ ನನ್ನ ದವಡೆಯನ್ನೇ ನೋಡಿದರು.

"ಅಲ್ಲುನೋವಾ?"

"ಹೂಂ ಮಾವ. ತಪ್ಪಾಯ್ತು. ಏನು ಮಾಡಿದ್ರೆ ಸರಿಹೋಗುತ್ತೆ ಹೇಳಿ."

ಮಾವ ಬಡಿಸುವವನನ್ನು ಕೂಗಿದರು. "ಲೇ, ಬಾಡು ತತ್ತಾ ಇಲ್ಲಿ! ಅಳಿಯಂದ್ರ ಪಾಲ್ನೂ ನಂಗೇ ಇಕ್ಕು. ಅವ್ರು ವರ್ಸವೆಲ್ಲಾ ಓಟ್ಲಲ್ಲಿ ತಿಂದವ್ರೆ, ಅಸಿವಿಲ್ಲ."

ನಾನೇ ಎದ್ದು ಬಕೆಟ್ಟು ಇಸಿದುಕೊಂಡು ಬಡಿಸಿದೆ. ಮಾವ ಕಣ್ಣುಮುಚ್ಚಿ ಮೂಳೆ ಹೀರುವುದನ್ನು ಕಂಡು ಮನಸ್ಸು ಹಗುರವಾಯಿತು. ಆಮೇಲೆ ನನ್ನ ಎಲೆಯ ಮುಂದೆ ಕೂತು ತಿಳಿಸಾರು ಕಲಸಿಕೊಂಡೆ. ಎದುರು ಸಾಲಿನ ಹಿರಿಯರೊಬ್ಬರು ಪಕ್ಕದವನಿಗೆ ನನ್ನನ್ನು ತೋರಿಸುತ್ತಿದ್ದರು: "ನೋಡ್ಲಾ, ಕೈಯಾರೆ ಬಾಡು ಬಡ್ಸ್ಬುಟ್ಟು ತಾವು ಬರೀ ತಿಳಿಸಾರು ಉಣ್ತಾವ್ರೆ. ಮನ್ಸ ಅಂದ್ರೆ ಇಂಗಿರ್ಬೇಕು ಕಣ್ಲಾ."

ಅವರಿಗೂ ವಿಷಯ ತಿಳಿಸಬಹುದಿತ್ತು. ಆದರೆ ಒಂದೇ ದಿನಕ್ಕೆ ಎಷ್ಟೂಂತ ನಿಜ ಹೇಳುವುದು?